ಮಷೀನಿಗೆ ಪೈಪು ಹಾಕಿದರು

ಆಗಸ್ಟ್ ೧೯, ಕಾಗವಾಡ

ಹೊರಗೆ ಹೋಗಲು ನನಗಿದ್ದ ಒಂದೇ ನೆಪವೂ ಇವತ್ತು ಹೋಯಿತು.

ಬಾಣಂತಿ ಕೋಣೆಯ ಗೋಡೆಗೆ ಬೂಷ್ಟು ಹಿಡಿದು ಕೂಸು ಕೆಮ್ಮತೊಡಗಿದಾಗ, ತೇವ ಹೀರುವ ಮಷೀನು ಬೇಕೆಂದು ಹಟ ಹಿಡಿದು ಆರಿಸಿದವಳು ನಾನೇ. ಅದು ನಡೆಯುವಾಗ ಕಿಟಕಿ, ಬಾಗಿಲು ಮುಚ್ಚಿರಬೇಕು. ಗೋಡೆ ಒಣಗಿತು, ಕೆಮ್ಮೂ ನಿಂತಿತು. ನಾನು ಒಳಗೇ ಉಳಿದೆ. ದಿನಕ್ಕೆರಡು ಸಲ ಅದರ ಡಬ್ಬಿಯ ನೀರು ಚೆಲ್ಲಲು ಹಿತ್ತಲಿಗೆ ಹೋಗಿ, ಲಿಂಬೆ ಗಿಡದ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದೆ.

ಸಂಜೆ ನಮ್ಮವರು ಮಷೀನಿಗೆ ಪೈಪು ಜೋಡಿಸಿ ಬಚ್ಚಲಿಗೆ ಬಿಟ್ಟರು.

“ಇನ್ನ ನೀ ಏಳೂದ ಬ್ಯಾಡ. ಆರಾಮ ಮಲ್ಕೊ.”

“ಎಷ್ಟ ಕಾಳಜಿ ನೋಡವಾ ನನ್ನ ಮಗಗ!” ಎಂದು ಅತ್ತೆ ಹಿಗ್ಗಿದರು.

“ಹೌದ್ರಿ” ಎಂದೆ.

ನಾಳೆ ಇವರು ತೋಟಕ್ಕೆ ಹೋದ ಮೇಲೆ ಕಿತ್ತುಬಿಟ್ಟು, ಪೈಪು ತಾನೇ ಜಾರಿತೆಂದರೆ ನಂಬಿಯಾರೇ...