ಡಿಸೆಂಬರ್‌ವರೆಗೆ ಎಣ್ಣೆ

ಕಾಟಿಪಳ್ಳ, ಮಂಗಳೂರು
೯-೧೦-೧೯೮೮, ಭಾನುವಾರ

ಪ್ರೀತಿಯ ನಿಮಗೆ ಚಂಪಾ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಸುದ್ದಿ ತಿಳಿದ ಮೇಲೆ ಮೂರು ದಿನ ನೀವು ಒಲೆ ಹೊತ್ತಿಸಲಿಲ್ಲವೆಂದೂ, ರೂಮಿನ ಮೊರಿಸ್ ಅವರೇ ಗಂಜಿ ಬೇಯಿಸಿ ಕೈಗೆ ಕೊಟ್ಟರೆಂದೂ ಓದಿ ಅವರಿಗೆ ಇಲ್ಲಿಂದಲೇ ಕೈಮುಗಿದೆ. ಈಗಲಾದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ? ಹೊಟ್ಟೆಹುಣ್ಣು ಇರುವವರು ಬರೀ ಚಾ ಕುಡಿದು ಡ್ಯೂಟಿಗೆ ಹೋಗಬೇಡಿ. ಪಾಸ್‌ಪೋರ್ಟ್ ಕಂಪೆನಿಯವರ ಕೈಯಲ್ಲಿರುವಾಗ ನೀವು ಬಹರೈನಿನಿಂದ ಬರುವುದಾದರೂ ಹೇಗೆ? ಆ ವಿಷಯದಲ್ಲಿ ಇಲ್ಲಿ ಯಾರಿಗೂ ನಿಮ್ಮ ಮೇಲೆ ಬೇಸರವಿಲ್ಲ, ನನಗೂ ಇಲ್ಲ. ನಿಮ್ಮ ಅಮ್ಮ ಎರಡು ಹೊತ್ತು ಊಟ ಮಾಡುತ್ತಾರೆ, ನಾನು ಎದುರು ಕೂತರೆ ಮಾತ್ರ. ಈ ಕಾಗದವನ್ನು ರೂಮಿನಲ್ಲಿ ಒಬ್ಬರೇ ಇರುವಾಗ ಓದಿ.

ಮಾವನ ಬೊಜ್ಜದ ಕ್ರಿಯೆಗಳೆಲ್ಲ ಹದಿಮೂರನೆಯ ದಿನಕ್ಕೆ ಮುಗಿದವು. ಅವರ ಹೆಸರಿನ ಎಲೆಗೆ ಕಡಕ್ ಚಾ, ಒಂದು ಕಟ್ಟು ಬೀಡಿ, ಅವರಿಗೆ ಇಷ್ಟದ್ದೆಲ್ಲ ಇಟ್ಟೆವು. ಜನ ತುಂಬಾ ಬಂದಿದ್ದರು. ಬಂದವರು ಉಂಡು ಸುಮ್ಮನೆ ಹೋಗಿದ್ದರೆ ಒಳ್ಳೆಯದಿತ್ತು. ಕೈ ತೊಳೆಯುವ ಜಾಗದಲ್ಲೇ ಶುರು ಮಾಡಿದರು: "ನೋಣಯ್ಯಣ್ಣನಿಗೆ ಕಣ್ಣು ಮಂಜಾಗಿತ್ತಂತೆ ಮಾರಾಯ. ಇಲ್ಲದಿದ್ದರೆ ಅಷ್ಟು ಅಗಲದ ಮಾರ್ಗ ಬಿಟ್ಟು ಕಾರನ್ನು ಗುಡ್ಡದ ದರೆಗೆ ಕೊಂಡುಹೋಗಿ ಗುದ್ದುವುದೆಂತ?" ಮೂವತ್ತೆರಡು ವರ್ಷ ಬಸ್ಸು ಓಡಿಸಿ ಒಂದು ಕೋಳಿಯನ್ನೂ ಕೊಲ್ಲದ ಮನುಷ್ಯ ಎಂದು ಹೊಗಳುತ್ತಿದ್ದ ಬಾಯಿಗಳೇ ಅವು! ಹಂಪನಕಟ್ಟೆಯ ಡ್ರೈವರುಗಳ ಸಂಘದ ಕೋಣೆಯಲ್ಲಿ ಮಾವನ ಫೋಟೋ ಇತ್ತಲ್ಲ, ಒಂದೂ ಅಪಘಾತ ಮಾಡದವರು ಎಂದು ಪ್ರತಿ ಆಯುಧಪೂಜೆಗೆ ಮಾಲೆ ಹಾಕುತ್ತಿದ್ದದ್ದು, ಅದನ್ನು ಇಳಿಸಿ ಕಪಾಟಿನ ಹಿಂದೆ ಇಟ್ಟಿದ್ದಾರಂತೆ. ಆಡುವವರ ಬಾಯಿಗೆ ಬೀಗ ಹಾಕಲಾಗುವುದಿಲ್ಲ, ಸಹಿಸಿಕೊಂಡೆ. ಆದರೆ ಗುರುವಾರ ಬಂದ ನಿಮ್ಮ ಕಾಗದದಲ್ಲೂ ಅದೇ ಮಾತು. "ಆ ಪ್ರಾಯದಲ್ಲಿ ಅಪ್ಪನ ಕೈಗೆ ಕೀ ಕೊಟ್ಟದ್ದು ಯಾರು? ಕಣ್ಣು ಕಾಣದಿದ್ದರೆ ಮನೆಯಲ್ಲಿ ಕೂರಬೇಕಿತ್ತು." ಅತ್ತೆಗೆ ಓದಿ ಹೇಳುವಾಗ ಆ ಎರಡು ಸಾಲು ಬಿಟ್ಟೆ. ಅವರಿಗೆ ಅಕ್ಷರ ಬಾರದಿರುವುದು ಒಳ್ಳೆಯದೇ ಆಯಿತು ಎಂದು ಮೊದಲ ಬಾರಿಗೆ ಅನಿಸಿತು.

ನೋಡಿ, ಮಾವನ ಕಣ್ಣಿಗೆ ಎಂತದೂ ಆಗಿರಲಿಲ್ಲ. ಅಪಘಾತವಾದ ದಿನ ಬೆಳಿಗ್ಗೆಯೂ ಮೊರದಲ್ಲಿ ಅಕ್ಕಿಯ ಕಲ್ಲು ಹೆಕ್ಕಿ ಕೊಟ್ಟವರೇ ಅವರು. ನಾನು ಹೆಕ್ಕಿದ ಮೇಲೂ ಏಳು ಕಲ್ಲು ತೆಗೆದು, ನಿನಗೇ ಕನ್ನಡಕ ಬೇಕು ಎಂದು ನಗೆಯಾಡಿದ್ದರು.

ಕಳೆದ ಸಲ ರಜೆಯಲ್ಲಿ ಬಂದಾಗ ನೀವು ಆ ಸಣ್ಣ ಕೆಂಪು ಕಾರು ತೆಗೆದುಕೊಟ್ಟು ಹೋದಿರಿ. ಅದು ಮಾವನಿಗೆ ಎಷ್ಟು ಪ್ರೀತಿಯಾಗಿತ್ತೆಂದು ನಿಮಗೆ ಗೊತ್ತಿಲ್ಲ, ನೀವು ನೋಡಿದ್ದು ಇಪ್ಪತ್ತೇ ದಿನ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಅದನ್ನು ಒರೆಸುತ್ತಿದ್ದರು. ಕಾಲೊನಿಯಲ್ಲಿ ಯಾರಿಗೆ ಹೆರಿಗೆ ನೋವು ಬರಲಿ, ಯಾರು ಊರಿಗೆ ಹೊರಡಲಿ, ಕಾರು ಹೋಗಲೇಬೇಕು. ಜೂನ್ ತಿಂಗಳಲ್ಲಿ ಸ್ಟೇರಿಂಗಿನ ಎದುರಿನ ಕೆಂಪು ದೀಪ ಹೊತ್ತಿಕೊಂಡಿತು. ಹ್ಯಾಂಡ್‌ಬ್ರೇಕ್ ಬಿಟ್ಟರೂ ಆರಲಿಲ್ಲ. "ಬಸ್ಸಾದರೆ ಕಿರುಚಿ ಹೇಳ್ತದೆ, ಇದು ನಾಚಿಕೆಯ ಹೆಣ್ಣು, ಕಣ್ಣು ಕೆಂಪು ಮಾಡ್ತದೆ ಅಷ್ಟೆ" ಎಂದರು ಮಾವ. ನನ್ನನ್ನೂ ಕೂರಿಸಿಕೊಂಡು ಹಂಪನಕಟ್ಟೆಯ ಬಾಸಿಲನ ಗ್ಯಾರೇಜಿಗೆ ಹೋದರು. ಬಾಸಿಲ್ ಚಕ್ರ ಬಿಚ್ಚಿ ಬ್ರೇಕಿನ ಪ್ಯಾಡ್ ತೋರಿಸಿದ. ತೇದು ತೇದು ಬಿಸ್ಕತ್ತಿನಷ್ಟು ತೆಳ್ಳಗಾಗಿತ್ತು. ಪ್ಯಾಡ್ ಸವೆದ ಹಾಗೆ ಡಬ್ಬಿಯ ಬ್ರೇಕ್ ಎಣ್ಣೆ ಕೆಳಗಿಳಿಯುತ್ತದೆ, ಎಣ್ಣೆ ಇಳಿದರೆ ದೀಪ ಹೊತ್ತುತ್ತದೆ, ಪ್ಯಾಡನ್ನೇ ಬದಲಿಸಬೇಕು ಎಂದ. ಬೆಂಗಳೂರಿನಿಂದ ತರಿಸಲು ಎಲ್ಲ ಸೇರಿ ನಾನೂರೈವತ್ತು ರೂಪಾಯಿ.

ಮಾವನ ಪೆಟ್ಟಿಗೆಯಲ್ಲಿ ಆ ಹಣ ಇತ್ತು. ಇರಲಿಲ್ಲ ಎಂದು ತಿಳಿಯಬೇಡಿ. ಆದರೆ ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತುಂಟಲ್ಲ, ನೂರು ರೂಪಾಯಿ ದಾಟಿದ ಯಾವ ಖರ್ಚಿಗೂ ಬಹರೈನಿಗೆ ಬರೆದು ಕೇಳಬೇಕು. ಹೋಗಲು ಹನ್ನೆರಡು ದಿನ, ಬರಲು ಹನ್ನೆರಡು ದಿನ. "ಕಾರು ತಾರಾನಾಥನದ್ದು, ಬೆವರು ಅವನದ್ದು, ಕೇಳದೆ ಕೈ ಹಾಕುವುದು ಸರಿಯಲ್ಲ" ಎಂದರು. ಒಂದು ಕಾಲದಲ್ಲಿ ಈ ಮನೆಯ ಒಂದು ತೆಂಗಿನಕಾಯಿಯೂ ಅವರನ್ನು ಕೇಳದೆ ಕೆಳಗಿಳಿಯುತ್ತಿರಲಿಲ್ಲವಂತೆ, ಅತ್ತೆ ಹೇಳುತ್ತಾರೆ. ಅವರು ಹೇಳಿದ ಹಾಗೆ ಕಾಗದ ಬರೆದವಳು ನಾನೇ. ಜುಲೈಯಲ್ಲಿ ನಿಮ್ಮ ಉತ್ತರ ಬಂತು. ಅಂಗೈಯಷ್ಟು ತುಂಡಿಗೆ ನಾನೂರೈವತ್ತು ಕೇಳುವ ಬಾಸಿಲನಿಗೆ ನಮ್ಮದು ಗಲ್ಫಿನ ದುಡ್ಡೆಂದು ಗೊತ್ತಾಗಿದೆ, ಬಹರೈನಿನಲ್ಲಿ ಅದು ಅರ್ಧಕ್ಕೆ ಸಿಗುತ್ತದೆ, ರಜೆಗೆ ಬರುವಾಗ ನಾನೇ ತರುತ್ತೇನೆ, ಡಿಸೆಂಬರ್‌ವರೆಗೆ ಎಣ್ಣೆ ಹಾಕಿ ಸುಧಾರಿಸಿ ಎಂದು ಬರೆದಿದ್ದಿರಿ. ನೀವು ಕೆಟ್ಟದ್ದು ಬಯಸಿ ಬರೆಯಲಿಲ್ಲ, ದೇವರಾಣೆ ನನಗೆ ಗೊತ್ತು. ಸಾವಿರ ಮೈಲಿ ದೂರ ಕುಳಿತು ಪೈಸೆ ಪೈಸೆ ಕೂಡಿಸುವವರಿಗೆ ಇಲ್ಲಿಯ ಇಳಿಜಾರು ಹೇಗೆ ಕಾಣಬೇಕು?

ಆಮೇಲೆ ಮಾವ ಎಣ್ಣೆ ಹಾಕಿಸಿದರು, ದೀಪ ಆರಿತು. ಮತ್ತೆ ಹೊತ್ತಿತು, ಮತ್ತೆ ಹಾಕಿಸಿದರು. ಆರಿದಾಗೆಲ್ಲ ಚಪ್ಪಾಳೆ ತಟ್ಟಿ ಖುಷಿಪಟ್ಟವಳು ನಾನು. ಬಾಸಿಲ್ ಎರಡು ಸಲ ಬೈದನಂತೆ. ಮಾವ ಕೇಳಲಿಲ್ಲ, ಮಗ ಬರೆದಿದ್ದಾನೆ ಎಂದರಂತೆ. ಮಗನ ಮಾತೆಂದರೆ ಅವರಿಗೆ ಅಷ್ಟು.

ಸೆಪ್ಟೆಂಬರ್ ಹನ್ನೆರಡು, ಸೋಮವಾರ. ನೆರೆಮನೆಯ ನೆಲ್ಲಿ ಬಾಯಿ ಬೊಂಬಾಯಿಯ ವಿಮಾನ ಹತ್ತುವವರಿದ್ದರು. ಹೊರಡುವಾಗಲೇ ದೀಪ ಹೊತ್ತಿತ್ತು. "ಇವರನ್ನು ಬಜಪೆಯಲ್ಲಿ ಬಿಟ್ಟು, ಹಾಗೇ ಹಂಪನಕಟ್ಟೆಗೆ ಹೋಗಿ ಎಣ್ಣೆ ಹಾಕಿಸಿಕೊಂಡು ಬರ್ತೇನೆ, ಮಧ್ಯಾಹ್ನದ ಊಟಕ್ಕೆ ಕಾಯಬೇಡಿ" ಎಂದು ಹೇಳಿ ಹೋದರು. ನಾವು ಕಾದೆವು.

ನೆಲ್ಲಿ ಬಾಯಿಯನ್ನು ಬಿಟ್ಟು ಬರುವಾಗ ಕಾರು ಗುದ್ದಿದ್ದು ವಿಮಾನ ನಿಲ್ದಾಣದ ಗುಡ್ಡ ಇಳಿಯುವ ತಿರುವಿನಲ್ಲಿ. ಅಲ್ಲೇ ಮೀನು ಮಾರುವ ಹವ್ವಮ್ಮ ಎಂಬವರು ಬೊಜ್ಜದ ಸಂಜೆ ಬಂದರು. ಕೂರಿ ಎಂದರೂ ಕೂರದೆ ಅಂಗಳದಲ್ಲೇ ನಿಂತು ಅತ್ತುಬಿಟ್ಟರು. "ಅವರಿಗೆ ಕಣ್ಣು ಕಾಣ್ತಿತ್ತು ಮಗಳೇ, ನಮ್ಮನ್ನೆಲ್ಲ ನೋಡಿದ್ರು. ಬಸ್ಸಿಗೆ ಕಾಯುವವರು ಹದಿನೈದು ಜನ ಇದ್ದೆವು, ಮಾರ್ಗದ ಮೇಲೆಯೇ. ಕೈ ಹೊರಗೆ ಹಾಕಿ ಬ್ರೇಕಿಲ್ಲ, ಬದಿಗೆ ಹೋಗಿ ಅಂತ ಬೊಬ್ಬೆ ಹಾಕಿದ್ರು. ನಮಗೆ ಕಾಲೇ ಬರಲಿಲ್ಲ. ಆಗ ಅವರೇ ಕಾರನ್ನು ದರೆಗೆ ತಿರುಗಿಸಿದ್ರು." ಕಾರನ್ನು ಬಾಸಿಲ್ ನೋಡಿ ಬಂದಿದ್ದಾನೆ. ಪ್ಯಾಡ್ ಪೂರ್ತಿ ಮುಗಿದು ಕಬ್ಬಿಣಕ್ಕೆ ಕಬ್ಬಿಣ ತಾಗಿ, ಎಣ್ಣೆಯೆಲ್ಲ ಒಮ್ಮೆಗೇ ಹೊರಗೆ ಚೆಲ್ಲಿದೆಯಂತೆ. ಪೆಡಲ್ ತುಳಿದರೆ ಗಾಳಿ ತುಳಿದ ಹಾಗೆ. ಆ ಹದಿನೈದು ಜನರಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ಮೂವತ್ತೆರಡು ವರ್ಷದ ಹೆಸರನ್ನು ಅವರು ಕೊನೆಯ ಕ್ಷಣದಲ್ಲೂ ಕೆಡಿಸಿಕೊಳ್ಳಲಿಲ್ಲ. ಕೆಡಿಸುತ್ತಿರುವವರು ನಾವು.

ಅದಕ್ಕೆ ಒಂದು ಕೆಲಸ ಹೇಳುತ್ತೇನೆ, ಮಾಡಿ. ಸಂಘದವರಿಗೆ ನೀವು ಒಂದು ಕಾಗದ ಬರೆಯಬೇಕು. ಬಾಸಿಲ್ ಹೇಳಿದರೆ ತನ್ನ ಗ್ಯಾರೇಜಿನ ಮಾನ ಉಳಿಸಲು ಹೇಳುತ್ತಾನೆ ಎನ್ನುತ್ತಾರೆ. ಮೀನು ಮಾರುವ ಹೆಂಗಸಿನ ಮಾತನ್ನು ಅವರು ಕೇಳುವವರಲ್ಲ. ನಾನು ಸೊಸೆ. ಕಾರಿನ ಯಜಮಾನ ನೀವು. ಅಪ್ಪನ ಕಣ್ಣು ಸರಿ ಇತ್ತು, ಬ್ರೇಕ್ ಸರಿ ಇರಲಿಲ್ಲ, ಬದಲಿಸುವುದು ಬೇಡ ಎಂದವನು ನಾನು ಎಂದು ಮೂರು ಸಾಲು ಸಾಕು. ಬರೆಯಲು ಎಷ್ಟು ಕಷ್ಟವೆಂದು ನನಗೆ ಗೊತ್ತು. ಈ ಕಾಗದ ಬರೆಯಲು ನನಗೂ ಮೂರು ದಿನ ಹಿಡಿಯಿತು. ಬೇಕಿದ್ದರೆ ಜೊತೆಗೆ ನನ್ನ ಹೆಸರನ್ನೂ ಹಾಕಿ, ದೀಪ ನೋಡಿಯೂ ಸುಮ್ಮನಿದ್ದವಳು ನಾನು.

ನಿಮ್ಮ ಮೇಲೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಆದರೆ ನೀವು ಅಲ್ಲಿ ಒಬ್ಬರೇ ಅಳುತ್ತಿದ್ದೀರಿ ಎಂದು ನೆನೆದರೆ ಆ ಸಿಟ್ಟೂ ನಿಲ್ಲುವುದಿಲ್ಲ. ಆರೋಗ್ಯ ನೋಡಿಕೊಳ್ಳಿ. ಮೊರಿಸ್ ಅವರಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸಿ. ಅತ್ತೆಯ ಆಶೀರ್ವಾದ ಎಂದಿನಂತೆ ನಿಮ್ಮ ಮೇಲೆ ಇದೆ.

ಇಂತು ನಿಮ್ಮವಳೇ ಆದ,
ಚಂಪಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಪೊಲೀಸರು ಮಾವನ ಅಂಗಿಯ ಜೇಬಿನಲ್ಲಿದ್ದದ್ದನ್ನು ತಂದುಕೊಟ್ಟರು. ಬೀಡಿ, ಬೆಂಕಿಪೆಟ್ಟಿಗೆ, ನಾಲ್ಕು ಮಡಿಕೆ ಮಾಡಿದ ನಿಮ್ಮ ಆ ಜುಲೈ ಕಾಗದ. ಬಾಸಿಲ್ ಬೈದಾಗೆಲ್ಲ ತೋರಿಸಲು ಇಟ್ಟುಕೊಂಡಿದ್ದರೋ ಏನೋ, ಎಣ್ಣೆಯ ಬೆರಳಚ್ಚು ತುಂಬಾ ಉಂಟು. ಅತ್ತೆ ಅದನ್ನು ದೇವರ ಪಟದ ಹಿಂದೆ ಇಟ್ಟಿದ್ದಾರೆ. ದಿನಾ ಸಂಜೆ ದೀಪ ಹಚ್ಚಿ ನನ್ನ ಕೈಗೆ ಕೊಟ್ಟು, "ನನ್ನ ಮಗ ಅಪ್ಪನಿಗೆ ಕಡೆಗೆ ಎಂತ ಬರೆದಿದ್ದಾನೆ, ಓದು" ಎನ್ನುತ್ತಾರೆ. "ಅಪ್ಪ, ಹಣದ ಮುಖ ನೋಡಬೇಡಿ, ಜಾಗ್ರತೆಯಾಗಿ ಓಡಿಸಿ" ಎಂದು ನಾನು ಓದುತ್ತೇನೆ. ಅವರು ಕಣ್ಣು ಒರೆಸಿಕೊಂಡು ಇನ್ನೊಮ್ಮೆ ಓದು ಎನ್ನುತ್ತಾರೆ. ಪ್ಯಾಡ್ ಕೊಂಡಿದ್ದರೆ ಅಲ್ಲೇ ಯಾರಿಗಾದರೂ ಕೊಟ್ಟು ಬನ್ನಿ. ಡಿಸೆಂಬರಿನಲ್ಲಿ ಆ ಕಾಗದವನ್ನು ಅತ್ತೆಗೆ ನೀವೇ ಓದಿ ಹೇಳಿ, ಇದ್ದ ಹಾಗೆಯೋ, ನಾನು ಓದುವ ಹಾಗೆಯೋ, ನಿಮ್ಮ ಮನಸ್ಸು ಹೇಳಿದ ಹಾಗೆ. ನನ್ನಿಂದ ಇನ್ನು ಆಗುವುದಿಲ್ಲ.