ಹೊತ್ತು ಮುಳುಗುವ ಮುನ್ನ ಗುಪ್ತ ಸಭೆ

ಗಡಿಪಾರು ನೋಟಿಸಿಗೆ ಸಹಿ ಮಾಡಿದ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ಶೀತಲಳನ್ನು ಒಂದು ವರ್ಷ ಬೆಳಗಾವಿ ಜಿಲ್ಲೆಯಿಂದ ಏಕೆ ಹೊರಹಾಕಬಾರದೆಂದು ಕೇಳಿದ್ದೀರಿ. ಕಾರಣವೆಂದು ನೀವು ಲಗತ್ತಿಸಿದ ಪೊಲೀಸ್ ವರದಿ ಓದಿ ಮೊದಲು ನಕ್ಕೆ, ಆಮೇಲೆ ಮೈಯೆಲ್ಲ ಉರಿಯಿತು. “ರಾಮತೀರ್ಥ ನಗರದ ಮನೆಯಲ್ಲಿ ಪ್ರತಿದಿನ ಸೂರ್ಯಾಸ್ತಕ್ಕೆ ಮುನ್ನ ಗುಪ್ತ ಸಭೆ. ಕತ್ತಲಾಗುವುದರೊಳಗೆ ಕುರುಹು ಅಳಿಸುತ್ತಾರೆ.”

ಸ್ವಾಮೀ, ನಾವು ಜೈನರು. ಹೊತ್ತು ಮುಳುಗುವ ಮೊದಲೇ ಉಣ್ಣುವುದು ನಮ್ಮ ಪದ್ಧತಿ. ಅಳಿಸಿದ ಕುರುಹು ಎಂದರೆ ತೊಳೆದ ತಾಟುಗಳು! “ನೀರನ್ನೂ ಬಟ್ಟೆಯಲ್ಲಿ ಸೋಸುತ್ತಾರೆ, ವಿಷದ ಭಯವಿರಬಹುದು” ಎಂದೂ ವರದಿಯಲ್ಲಿದೆ. ನೀರಿನೊಳಗಿನ ಹುಳಕ್ಕೂ ನೋವಾಗಬಾರದೆಂದು ಸೋಸುತ್ತೇವೆ. ಇಂಥವರಿಂದ ಸಾರ್ವಜನಿಕ ಶಾಂತಿಗೆ ಅಪಾಯವೇ?

ಒಂದು ತಿಂಗಳಿಂದ ನಮ್ಮ ಗೇಟಿನೆದುರು ಕುಳಿತಿರುವ ನಿಮ್ಮ ಮಫ್ತಿ ಪೊಲೀಸರಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಹಸಿದ ಮುಖ ನೋಡಲಾರದೆ ನಾನೇ ಕರೆದೆ: “ಬರ್ರಿ, ಕಟ್ಟಿ ಮ್ಯಾಲ ಕುಂದರ್ರಿ. ಹೊತ್ತು ಮುಳುಗಿದ ಮ್ಯಾಲ ನಮ್ಮನ್ಯಾಗ ಏನೂ ಸಿಗಂಗಿಲ್ಲ.”

“ಬ್ಯಾಡ್ರಿ ಅವ್ವಾರ, ಡ್ಯೂಟಿ ಮ್ಯಾಲ ಅದೀವ್ರಿ,” ಎಂದವರು ವಾರದೊಳಗೆ ಐದೂಮುಕ್ಕಾಲಿಗೇ ಗಡಿಯಾರ ನೋಡತೊಡಗಿದರು. “ಚಟ್ನಿಗೆ ಬಳ್ಳೊಳ್ಳಿ ಕಡಿಮಿ ಆಗೇತ್ರಿ,” ಎಂದು ತಕರಾರು ಬೇರೆ. ಬೆಳ್ಳುಳ್ಳಿಯನ್ನೇ ಮುಟ್ಟದ ಮನೆ ನಮ್ಮದು! ನಾಲ್ಕು ರೊಟ್ಟಿ ತಿಂದು ಎದ್ದವರೇ ಈ ವರದಿಯನ್ನೂ ಬರೆದರು. ಉಂಡ ಮನೆಯ ಜಂತೆ ಎಣಿಸಬಾರದೆನ್ನುತ್ತಾರೆ. ನಿಮ್ಮಲ್ಲಿ ಅದಕ್ಕೇ ಸಂಬಳವಿರಬೇಕು.

ನಿಜವಾದ ಕಾರಣ ನಿಮಗೂ ಗೊತ್ತು, ನನಗೂ ಗೊತ್ತು. ಪಾರಿಶ್ವಾಡದ ಟ್ರ್ಯಾಕ್ಟರ್ ಚಾಲಕ ಮುತ್ತಪ್ಪನನ್ನು ಠಾಣೆಯೊಂದರಲ್ಲಿ ಮೂರು ದಿನ ಕೂಡಿಹಾಕಿ ಹೊಡೆದರು. ವಕೀಲೆಯಾದ ಶೀತಲ ಅವನ ಪರವಾಗಿ ಖಾನಾಪುರದ ಕೋರ್ಟಿನಲ್ಲಿ ದೂರು ಹಾಕಿದಳು. ಬರುವ ಸೋಮವಾರ ವಿಚಾರಣೆ. ಅವಳನ್ನು ಗಡಿ ದಾಟಿಸಿದರೆ ಅವನ ಬೆನ್ನಿಗೆ ಯಾರಿದ್ದಾರೆ? ಹೆಂಡತಿ ಸಂಗವ್ವ ಈಗಾಗಲೇ ಬಾಗಿಲಿಗೆ ಒಳಗಿನಿಂದ ಒನಕೆ ಒರಗಿಸಿ ಮಲಗುತ್ತಾಳೆ.

ವರದಿಯ ಕೊನೆಯ ಸಾಲು ಹೀಗಿದೆ: “ಏಳನೇ ತಾರೀಕು ಶಂಕಿತೆಯು ಅಪರಿಚಿತ ವ್ಯಕ್ತಿಗೆ ಕೈಯಾರೆ ಏನನ್ನೋ ಹಲವು ಸಲ ಕೊಟ್ಟಿದ್ದು ಕಿಟಕಿಯಿಂದ ಕಂಡುಬಂದಿದೆ.”

ಇದು ಖರೇ. ಆ ವ್ಯಕ್ತಿ ಮುತ್ತಪ್ಪ. ಠಾಣೆಯಿಂದ ಬಿಟ್ಟ ಮೇಲೆ ನಮ್ಮಲ್ಲಿಗೆ ಬಂದವನು ಬಡಿಸಿದ ತಾಟಿನ ಮುಂದೆ ತಲೆ ತಗ್ಗಿಸಿ ಕುಳಿತಿದ್ದ. “ಎರಡೂ ಕೈ ಮ್ಯಾಲ ಎತ್ತಾಕ ಬರಂಗಿಲ್ರಿ ಅಕ್ಕಾರ,” ಎಂದ. ಶೀತಲ ಕೊಟ್ಟಿದ್ದು ತುತ್ತು.

ನೋಟಿಸು ಹಿಂಪಡೆಯಿರಿ. ನಮ್ಮ ಗೇಟಿನ ಕಾವಲನ್ನು ಮುತ್ತಪ್ಪನ ಬಾಗಿಲಿಗೆ ಕಳಿಸಿ, ಬೇಕಾಗಿರುವುದು ಅಲ್ಲಿ. ಆ ಕೊನೆಯ ಸಾಲನ್ನು ಮಾತ್ರ ಅಳಿಸಬೇಡಿ. ಸೋಮವಾರ ಅದನ್ನೇ ನಾವು ಸಾಕ್ಷಿಯಾಗಿ ಕೊಡುತ್ತೇವೆ, ನಿಮ್ಮದೇ ಮೊಹರಿನ ಸಮೇತ.

ಇಂತಿ,
ಗುಪ್ತ ಸಭೆಗೆ ರೊಟ್ಟಿ ಬಡಿಯುವ
ಚಂಪಾಬಾಯಿ, ನಿವೃತ್ತ ಶಿಕ್ಷಕಿ