ವಕೀಲರ ಮನೆ ಜಾಕೀಟು

ಫೆಬ್ರವರಿ 8, ಶನಿವಾರ

ಇವತ್ತೂ ಲೇಸ್. ಈ ವಾರದ ನಾಲ್ಕನೇ ಹೈ ಕಾಲರ್. ಕತ್ತೇ ಇಲ್ಲದವರಿಗೂ ಗಲ್ಲ ಮುಟ್ಟೋ ಕಾಲರ್ ಬೇಕು. ಆ ಇಂಗ್ಲಿಷ್ ಬಂಗಲೆ ಸೀರಿಯಲ್ ಶುರುವಾದಾಗಿಂದ ನಮ್ಮ ಹೆಂಗಸರಿಗೆಲ್ಲ ಸಾವಿರದ ಒಂಬೈನೂರ ಹತ್ತನೇ ಇಸವಿ ಮೈಮೇಲೆ ಬಂದಿದೆ. ಬುಗ್ಗೆ ಕೈ, ಎದೆ ಮೇಲೆ ಇಪ್ಪತ್ತು ಸಣ್ಣ ನೆರಿಗೆ, ಬೆನ್ನಿಗೆ ಹದಿನಾಲ್ಕು ಗುಂಡಿ. ಹೊರಗೆ ಮೂವತ್ಮೂರು ಡಿಗ್ರಿ. ಮೊನ್ನೆ ಒಬ್ಬಾಕೆ ಹೈ ಟೀಗೆ ಹಾಕ್ಕೊಂಡು ಹೋದದ್ದನ್ನ ಒಗೆಯದೇ ವಾಪಸ್ ತಂದಳು, ಕಂಕುಳಲ್ಲಿ ಸಡಿಲ ಮಾಡಿ ಅಂತ. ಪಾಲಿಯೆಸ್ಟರ್ ಲೇಸು, ಬೆವರು, ಮೇಲೆ ಸೆಂಟು... ಮಾಸ್ಕ್ ಹಾಕ್ಕೊಂಡು ಹೊಲಿಗೆ ಬಿಚ್ಚಿದೆ. ಆ ಸೀರಿಯಲ್ ಹೆಂಗಸರ ಊರಲ್ಲಿ ಚಳಿ ಇತ್ತು ಕಣ್ರಮ್ಮಾ ಅಂತ ಹೇಳೋಣ ಅನ್ಸತ್ತೆ. ಹೇಳಲ್ಲ. ಬೆವತಷ್ಟೂ ರಿಪೇರಿ.

ಮಧ್ಯಾಹ್ನ ಮೈಥಿಲಿ ಮೇಡಂ ಬಂದ್ರು. ಮೈಸೂರಿನವರು, ಇಲ್ಲಿ ಕಾಂಡೋ ಅನ್ನೋ ದುಬಾರಿ ಅಪಾರ್ಟ್‌ಮೆಂಟಲ್ಲಿರೋರು. ಮಗಳು ಅನಘಾಗೆ ಮುಂದಿನ ತಿಂಗಳು ಎಂಗೇಜ್‌ಮೆಂಟ್. ಈ ಹೊರದೇಶದ ಕಾಕಿ ಬುಕಿತ್‌ನಲ್ಲಿ ಪರದೆ ಹೊಲಿಯೋರ ಯೂನಿಟ್, ಅದರಲ್ಲಿ ನನ್ನದೊಂದು ಮೂಲೆ. ಎರಡು ಮಷೀನು, ಒಂದು ಟೇಬಲ್ಲು, ಗೋಡೆ ಮೇಲೆ ನಂಜಮ್ಮನ ಹಳೇ ಫೋಟೋ. ಮೇಡಂ ನನ್ನ ಸ್ಯಾಂಪಲ್ ಒಂದನ್ನೂ ನೋಡಲಿಲ್ಲ. ಸೀದಾ ಫೋಟೋ ಮುಂದೆ ಹೋಗಿ ನಿಂತ್ರು.

"ಯಾರು ಇವರು? ಏನು ಗತ್ತು! ಆ ಕೈ ಹಿಂದಿಟ್ಕೊಂಡಿರೋ ಸ್ಟೈಲ್ ನೋಡಿ!"

"ನಮ್ಮ ಮುತ್ತಜ್ಜಿ ಮೇಡಂ. ಅರಮನೆಗೆ ಹೊಲಿದವಳು."

ಅರಮನೆ ಅಂದ ಕೂಡಲೇ ಗಿರಾಕಿ ಕಣ್ಣು ಒಂದು ಸುತ್ತು ದೊಡ್ಡದಾಗತ್ತೆ. ಫ್ಲ್ಯಾಟ್ ಕೆಳಗಿನ ಖಾಲಿ ಜಾಗ, ವಾಯ್ಡ್ ಡೆಕ್‌ನಲ್ಲಿ ಕೂತು ಪ್ಯಾಂಟ್ ಮಡಚಿ ಹೊಲೀತಿದ್ದ ನಾನು ಇಲ್ಲಿ ತನಕ ಬಂದದ್ದು ಸೂಜಿಯಿಂದ ಅರ್ಧ, ಬಾಯಿಂದ ಅರ್ಧ.

ನಿಜ ಇಲ್ಲಿ ಬರೆದರೆ ಯಾರೂ ಓದಲ್ಲ. ಅರಮನೆಯನ್ನ ನಂಜಮ್ಮ ನೋಡಿದ್ದರೆ ದಸರಾ ದಿನ, ಹೊರಗಿನಿಂದ. ಅವಳು ಹೊಲಿದದ್ದು ಒಬ್ಬ ವಕೀಲರ ಮನೆಗೆ. ಮೈಮೇಲಿರೋ ಜಾಕೀಟು, ಆಗಿನವರ ಲೇಸಿನ ರವಿಕೆ, ವಕೀಲರ ಹೆಂಡತಿಯದು. ಕೊಡೋಕೆ ಮುಂಚೆ ಒಂದೇ ಒಂದು ಗಂಟೆ ತಾನು ಹಾಕ್ಕೊಂಡು, ಗಂಡನ ಜೊತೆ ಸ್ಟುಡಿಯೋಗೆ ಹೋಗಿದ್ಲು. ಆಯಮ್ಮ ದಪ್ಪ, ನಂಜಮ್ಮ ಕಡ್ಡಿ. ಬಲಗೈ ತೋಳು ಬೆರಳು ಮುಚ್ಚಿದೆ. ಎಡಗೈ ಬೆನ್ನ ಹಿಂದಿರೋದು ಗತ್ತಿಗಲ್ಲ, ಸಡಿಲ ಬಟ್ಟೇನ ಮುಷ್ಟೀಲಿ ಹಿಡ್ಕೊಂಡಿರೋದು. ಫೋಟೋ ಹಿಂಭಾಗ ಮುತ್ತಜ್ಜನ ಪೆನ್ಸಿಲ್ ಅಕ್ಷರ ಇದೆ: "ನಂಜು. ಜಾಕೀಟು ವಕೀಲರ ಮನೆಯದು. ಕೊಟ್ಟಾಯಿತು."

ಆ ಭಾಗ ಫ್ರೇಮಿನೊಳಗೆ. ಗಿರಾಕಿಗೆ ಈ ಕಡೆ ಸಾಕು.

ಮಗಳಿಗೆ ಇದೇ ಥರ ಜಾಕೀಟು ಹೊಲಿದುಕೊಡಿ ಅಂದ ಮೇಡಂ ರೆಫರೆನ್ಸ್‌ಗೆ ಅಂತ ಮೊಬೈಲಲ್ಲಿ ಫೋಟೋ ಹೊಡ್ಕೊಂಡ್ರು. ಹತ್ತಿರದಿಂದ, ದೂರದಿಂದ, ಗ್ಲಾಸ್ ಹೊಳೀದ ಹಾಗೆ ಓರೆಯಿಂದ. ಒಂಬತ್ತು ಸಲ. ಒಂದು ಜಾಕೀಟಿಗೆ ಒಂಬತ್ತು ರೆಫರೆನ್ಸ್ ಯಾಕೋ.

ಫೆಬ್ರವರಿ 11

ಅನಘಾ ಅಳತೆಗೆ ಬಂದಿದ್ಲು. ಇಲ್ಲೇ ಬೆಳೆದ ಹುಡುಗಿ, ಕಡ್ಡಿ ಮೈ. ಅವಳ ಅಳತೆಗೆ ಕತ್ತರಿಸ್ತೀನಿ ಅಂದೆ. ಮೇಡಂ ಬಿಡಲಿಲ್ಲ.

"ಇಲ್ಲ ಸುನಂದಾ, ಎಕ್ಸಾಕ್ಟ್ ಕಾಪಿ ಬೇಕು. ತೋಳು ಅಷ್ಟೇ ಉದ್ದ, ಭುಜ ಅಷ್ಟೇ ಅಗಲ."

"ತೋಳು ಬೆರಳು ಮುಚ್ಚತ್ತೆ ಮೇಡಂ. ಅದು ಸ್ಟೈಲ್ ಅಲ್ಲ, ಅದು..."

"ಮತ್ತೇನು?"

ಅದು ಬೇರೆಯವರ ಜಾಕೀಟು ಅಂದರೆ ಅರಮನೆ ಕಥೆ ಅಲ್ಲಿಗೆ ಬಿತ್ತು. "ಏನಿಲ್ಲ ಮೇಡಂ. ಆಗಿನ ಕಾಲದ ಸ್ಟೈಲು."

"ಆಂಟಿ, ನಾನು ಪರದೆ ಸುತ್ಕೊಂಡ ಹಾಗೆ ಕಾಣ್ತೀನಿ ಲಾ," ಅಂದಳು ಅನಘಾ, ಇಲ್ಲಿಯವರ ಥರ ಕೊನೇಲಿ ಲಾ ಸೇರಿಸಿ.

"ಒಂದು ಕೈ ಹಿಂದಿಟ್ಕೋ. ಅರಮನೆ ಪೋಸ್," ಅಂದ್ರು ಅಮ್ಮ.

ಮೂವತ್ತು ವರ್ಷದಲ್ಲಿ ಮೊದಲ ಸಲ ಬೇಕೂಂತಲೇ ತಪ್ಪು ಅಳತೆ ಕತ್ತರಿಸಿದೆ. ಭುಜಕ್ಕೆ ಎರಡು ಇಂಚು ಹೆಚ್ಚು, ಬೆನ್ನಿಗೆ ಆರು, ತೋಳಿಗೆ ಮೂರೂವರೆ. ಕತ್ತರಿಗೂ ನಾಚಿಕೆ ಆಗಿರಬೇಕು.

ಫೆಬ್ರವರಿ 19

ಹೊಸ ಬೇಡಿಕೆ: ಹಳೇದರ ಥರ ಕಾಣಬೇಕಂತೆ. ಲೇಸ್ ಹೊಚ್ಚ ಹೊಸದು, ಹಾಲಿನ ಬಿಳಿ. ಅದಕ್ಕೆ ಟೀ ಕುದಿಸಿ ಅದ್ದಬೇಕು. ಅರ್ಧ ಪ್ಯಾಕೆಟ್ ಪುಡಿ ಹೋಯ್ತು. ಅಂಚನ್ನ ಬೆರಳಲ್ಲಿ ತಿಕ್ಕಿ ಜೂಲು ಬಿಡಿಸಿದೆ, ಒಂದು ಗುಂಡಿ ಕಿತ್ತು ಬೇರೆ ಬಣ್ಣದ್ದು ಹಾಕಿದೆ. ಸೀರಿಯಲ್ ನೋಡೋರಿಗೆ ಶೋಕಿ, ಫೋಟೋ ಶೂಟ್ ಇರಬಹುದು ಅಂದ್ಕೊಂಡೆ.

ನನ್ನ ಗಂಡ ಕೇಶವ ಪಾಸಿರ್ ಪಂಜಾಂಗ್‌ನಿಂದ ಶಿಫ್ಟ್ ಮುಗಿಸಿ ಬಂದವರು ಪಾತ್ರೆ ನೋಡಿ ಲೋಟ ತಂದ್ರು.

"ಕುಡೀಬೇಡ್ರೀ, ಅದು ಜಾಕೀಟಿಗೆ."

"ಸರಿ ಬಿಡು. ಜಾಕೀಟಿಗೆ ಟೀ, ಗಂಡನಿಗೆ ಬಿಸಿನೀರು. ಬಿಸ್ಕತ್ತಾದ್ರೂ ಇದೆಯೋ, ಅದನ್ನ ಸೀರೆಗೆ ಕೊಟ್ಟಿದ್ದೀಯೋ?"

ನಕ್ಕೆ. ಕೈ ಕಂದು ಬಣ್ಣ ಆಗಿದೆ. ಸೋಪಿಗೂ ಹೋಗಲ್ಲ.

ಮಾರ್ಚ್ 9, ಭಾನುವಾರ

ಥೂ.

ಸಮಾಧಾನ ಮಾಡ್ಕೊಂಡು ಬರೀತೀನಿ. ಜಾಕೀಟು ತೋರಿಸೋಕೆ ಕಾಂಡೋಗೆ ಹೋದೆ. ಬಾಗಿಲು ತೆರೆದರೆ ಎದುರುಗೋಡೆ ಮೇಲೆ ನಂಜಮ್ಮ. ಮೂರಡಿ ಎತ್ತರ. ಚಿನ್ನದ ಬಣ್ಣದ ಫ್ರೇಮು, ಗಂಧದ ಹಾರ, ಮೇಲೊಂದು ಪುಟ್ಟ ಲೈಟು. ಕೆಳಗೆ ಕಾರ್ಡು: "ಶ್ರೀಮತಿ ಚಂದ್ರಾವತಮ್ಮಣ್ಣಿ, ನಮ್ಮ ಮುತ್ತಜ್ಜಿ, ಮೈಸೂರು ಅರಮನೆ."

ಹೆಸರೂ ಬದಲಾಯಿಸಿದ್ದಾರೆ! ಮೂಗುಬೊಟ್ಟನ್ನ ಕಂಪ್ಯೂಟರಲ್ಲಿ ಅಳಿಸಿ ವಜ್ರದ ಮೂಗುತಿ ಅಂಟಿಸಿದ್ದಾರೆ. ಆ ತೋಳು ಮಾತ್ರ ಹಾಗೇ ಇದೆ, ಬೆರಳು ಮುಚ್ಕೊಂಡು. ಅದನ್ನ ಸರಿ ಮಾಡೋಕೆ ದರ್ಜಿ ಕಣ್ಣು ಬೇಕಲ್ಲ.

  ಜಾಕೀಟಿನ ಚೀಲ ಕೆಳಗಿಟ್ಟು ಸೋಫಾ ಮೇಲೆ ಕೂತೆ. ಮೇಡಂ ನೀರು ತಂದುಕೊಟ್ರು, ಪಕ್ಕ ಕೂತ್ರು, ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದ್ರು.

"ತಪ್ಪು ತಿಳ್ಕೋಬೇಡಿ ಸುನಂದಾ. ಬೀಗರ ಮನೇಲಿ ಐದು ತಲೆಮಾರಿನ ಫೋಟೋ ಗೋಡೆ ತುಂಬ ಇದೆ. ನಮ್ಮ ಕಡೆ ನಮ್ಮಜ್ಜಿದೂ ಒಂದಿಲ್ಲ. ಆಧಾರ್ ಕಾರ್ಡಿಂದಲೇ ಶುರು ನಮ್ಮ ವಂಶ. ಹುಡುಗನ ಅಜ್ಜಿ ವೇದಾವತಮ್ಮ ಬರ್ತಿದ್ದಾರೆ, ಅವರು ಕೇಳೋದೇ ಅದನ್ನ. ಒಂದು ದಿನದ ಮಾತು. ಡೆಕೊರೇಶನ್ ಅಂದ್ಕೊಳಿ."

"ಜಾಕೀಟು?"

"ಅದು... ಮನೆತನದ್ದು ಅಂತ ಹೇಳಿದ್ದೀನಿ."

ಅದಕ್ಕೆ ಟೀ! ಅದಕ್ಕೆ ಜೂಲು! ಕಳ್ಳಮಾಲನ್ನ ನನ್ನ ಕೈಯಲ್ಲೇ ಮಾಡಿಸಿದ್ದಾರೆ.

"ಅವಳ ಹೆಸರು ನಂಜಮ್ಮ, ಮೇಡಂ."

"ಗೊತ್ತು. ಆದರೆ ಅರಮನೆ ಅಂತ ನೀವೇ ತಾನೆ ಹೇಳಿದ್ದು? ನಾನು ಸೇರಿಸಿದ್ದು ಬರೀ ಅಮ್ಮಣ್ಣಿ."

ಜಾಕೀಟು ಮಡಚಿ ಚೀಲಕ್ಕೆ ಹಾಕಿದೆ. ಎಲ್ಲ ನನ್ನ ಬಾಯಿ!

ಹೊರಡೋವಾಗ ಹೇಳಿದ್ರು: ಮದುವೆ ಬಟ್ಟೆ ಪೂರ್ತಿ ನಿಮಗೇ. ಎರಡೂ ಕಡೆಯವರದು, ಹದಿನೆಂಟು ಬ್ಲೌಸು. ನಾನು ಥೂ ಅನ್ನಬೇಕಿತ್ತು. "ಅಸ್ತರ ಕಾಟನ್ನೇ ಹಾಕೋಣ ಮೇಡಂ" ಅಂದೆ.

ಮಾರ್ಚ್ 10

ಕೇಶವನಿಗೆ ಹೇಳಿದೆ. "ನೀನು ಅರಮನೆಗೆ ಕಳಿಸಿದೆ, ಆಕೆ ಪಟ್ಟ ಕಟ್ಟಿದ್ಲು" ಅಂದ್ರು. ಮಾತು ಬಿಟ್ಟಿದ್ದೀನಿ.

ಮಾರ್ಚ್ 14

ಕಡೆ ಫಿಟ್ಟಿಂಗ್. ಅನಘಾ ಒಬ್ಬಳೇ ಬಂದಿದ್ಲು. ಜಾಕೀಟು ಹಾಕ್ಕೊಂಡು ನನ್ನ ಗೋಡೆ ಮೇಲಿನ ಫೋಟೋ ನೋಡ್ತಾ ನಿಂತಳು. 

"ಆಂಟಿ, ಇದು ನಿಮ್ಮನೆ ಫೋಟೋ ಅಲ್ವಾ? ನಮ್ಮನೇದರಲ್ಲಿ ಮೂಗುತಿ ಬೇರೆ ಇದೆ. ಮದುವೆ ಆಗೋ ಆಯುಷ್‌ಗೆ ನಾನು ಇಲ್ಲಿ ತನಕ ಒಂದು ಸುಳ್ಳೂ ಹೇಳಿಲ್ಲ. ಇವರು ನನ್ನ ಗ್ರೇಟ್ ಗ್ರ್ಯಾಂಡ್‌ಮದರ್ರಾ, ನಿಮ್ಮವರಾ?"

ಬಾಯಲ್ಲಿ ನಾಲ್ಕು ಗುಂಡುಪಿನ್ನು ಇತ್ತು. ಅದು ಅನುಕೂಲ ಆಯ್ತು. ತೆಗೆದ ಮೇಲೆ "ಅಮ್ಮನ್ನ ಕೇಳಮ್ಮ" ಅಂದೆ.

ಹೇಡಿ. ಅದೂ ಆ ಮಗು ಮುಂದೆ, ನಂಜಮ್ಮನ ಮುಂದೆ.

ಮಾರ್ಚ್ 16, ಭಾನುವಾರ, ಸಂಜೆ 6

ಎಂಗೇಜ್‌ಮೆಂಟ್ ಮುಗೀತು. ಕಾಂಡೋ ಫಂಕ್ಷನ್ ರೂಮಿಗೆ ನಂಜಮ್ಮನನ್ನ ಲಿಫ್ಟಲ್ಲಿ ಇಳಿಸಿ ತಂದಿದ್ರು. ಸುತ್ತ ಹೂವು. ಹೆಂಗಸರೆಲ್ಲ ಲೇಸು, ಕಾಲರು, ಬ್ರೋಚು. ಒಬ್ಬಳ ತಲೆ ಮೇಲೆ ಗರಿ ಇರೋ ಹ್ಯಾಟು, ಕೆಳಗೆ ಕಾಂಜೀವರಂ. ಗುಂಪು ಪೂರ್ತಿ ಬೆವರು ಒರೆಸ್ತಿತ್ತು. ಒಂಬತ್ತು ಕಾಲರ್ ನನ್ನವೇ. ನೋಡಿದ್ರೆ ಹೆಮ್ಮೆ ಆಗಬೇಕಿತ್ತು, ಆಗಲಿಲ್ಲ.

ಅನಘಾ ಎಡಗೈ ಬೆನ್ನ ಹಿಂದಿಟ್ಟುಕೊಂಡು ಬಂದಳು. ಬಟ್ಟೆ ಹಿಡ್ಕೊಂಡು. ಅದೇ ಮುಷ್ಟಿ.

ಉಂಗುರದ ಹೊತ್ತಿಗೆ ಗೊತ್ತಾಯ್ತು ಕರ್ಮ. ಕೈ ಚಾಚಿದ್ರೆ ಬೆರಳೇ ಕಾಣ್ತಿಲ್ಲ. ಆಯುಷ್ ಉಂಗುರ ಹಿಡ್ಕೊಂಡು ತೋಳಿನೊಳಗೆ ಹುಡುಕ್ತಾನೆ. ಅವಳು ತೋಳು ಮೇಲೆ ಎಳೆಯೋಕೆ ಹಿಂದಿನ ಕೈ ಬಿಟ್ಟಳು. ಭುಜದಿಂದ ಜಾಕೀಟು ಜಾರಿತು. ನಾನು ಓಡಿ ಹೋಗಿ ಸೆರಗು ಹೊದಿಸಿ, ಬೆನ್ನು ಹಿಡ್ಕೊಂಡು ನಿಂತೆ.

ಮುಂದಿನ ಸಾಲಿನಿಂದ ವೇದಾವತಮ್ಮ ಎದ್ದು ಬಂದ್ರು. ಎಂಬತ್ತು ದಾಟಿದೆ, ದನಿ ಮಾತ್ರ ಗಂಟೆ. ಹುಡುಗಿ ತೋಳು ಮಡಚಿದ್ರು, ಉಂಗುರ ಹಾಕಿಸಿದ್ರು. ಆಮೇಲೆ ಜಾಕೀಟು ನೋಡಿದ್ರು, ಫೋಟೋ ಕಡೆ ನೋಡಿದ್ರು.

"ಅಲ್ಲಮ್ಮಾ ಮೈಥಿಲಿ, ಮರಿಮಗಳಿಗೆ ದೊಡ್ಡದಾದ್ರೆ ಸರಿ. ನಿಮ್ಮ ಅಮ್ಮಣ್ಣಿಗೂ ದೊಡ್ಡದಾಗಿದೆಯಲ್ಲ? ತೋಳು ನೋಡು. ಅರಮನೆಯವರಿಗೆ ಅಳತೆ ಬರೋ ಒಬ್ಬ ದರ್ಜಿ ಸಿಗಲಿಲ್ಲವೇನಮ್ಮ?"

ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕು, "ಹೌದಮ್ಮ, ಆಗಿನ ದರ್ಜಿಗಳು ಹಾಗೇ" ಅಂದ್ರು.

ವಂಶ ಕದ್ದರು, ಸುಮ್ಮನಿದ್ದೆ. ಹೆಸರು ಕದ್ದರು, ಅಸ್ತರದ ಮಾತಾಡಿದೆ. ನಂಜಮ್ಮನಿಗೆ ಅಳತೆ ಬರಲ್ಲ ಅಂದರಲ್ಲ...

"ದರ್ಜಿ ತಪ್ಪಲ್ಲಮ್ಮ," ಅಂದೆ. ಬೆನ್ನು ಹಿಡಿದುಕೊಂಡೇ. "ಫೋಟೋದಲ್ಲಿರೋಳೇ ದರ್ಜಿ. ನಂಜಮ್ಮ ಅಂತ. ನಮ್ಮ ಮುತ್ತಜ್ಜಿ. ಜಾಕೀಟು ಅವಳದ್ದಲ್ಲ. ಹೊಲಿದುಕೊಡೋ ಮುಂಚೆ ಒಂದು ಗಂಟೆ ಹಾಕ್ಕೊಂಡಿದ್ದಳು. ಕೈ ಹಿಂದಿರೋದು ನಾನೀಗ ಹಿಡಿದಿರೋ ಹಾಗೆ, ಬೀಳದೇ ಇರಲಿ ಅಂತ."

 ಅನಘಾ ಬೆನ್ನು ನನ್ನ ಕೈಯಲ್ಲಿ ಅಲುಗಿತು. ಅತ್ತಳೋ ಅಂದ್ಕೊಂಡೆ. ನಗ್ತಿದ್ದಳು, ಆಯುಷ್‌ನನ್ನ ನೋಡಿ.

"ಮತ್ತೆ ಜಾಕೀಟು ಯಾರದ್ದು?" ಅಂದ್ರು ವೇದಾವತಮ್ಮ.

ವಕೀಲರ ಮನೆಯದು. ಎರಡು ಪದ. ನಾಲಿಗೆ ತುದೀಲಿತ್ತು. ಒಂಬತ್ತು ಕಾಲರ್‌ಗಳು ನನ್ನನ್ನೇ ನೋಡ್ತಿದ್ದವು.

"ಅರಮನೆಯದಮ್ಮ," ಅಂದೆ.

ಆಹಾ ಅಂದರು ಎಲ್ಲರೂ. ಅಜ್ಜಿ ನನ್ನ ಕೈ ಹಿಡ್ಕೊಂಡ್ರು. "ಅರಮನೆಗೆ ಹೊಲಿದ ಕೈಯ ವಂಶ!"

ಮೇಡಂ ಅಷ್ಟರಲ್ಲಿ ಕಾರ್ಡನ್ನ ಹೂಕುಂಡದ ಹಿಂದೆ ತಳ್ಳಿ ಆಗಿತ್ತು. "ಸರ್‌ಪ್ರೈಸ್ ಇರಲಿ ಅಂತ ಹೇಳಿರಲಿಲ್ಲ ಅಮ್ಮ. ನಮ್ಮ ಟೈಲರ್ ಮನೆತನಕ್ಕೆ ಟ್ರಿಬ್ಯೂಟ್." ಚಪ್ಪಾಳೆ. ಮೇಡಂ ನನ್ನ ನೋಡಿದ್ರು, ನಾನು ಮೇಡಂನ ನೋಡಿದೆ. ಸಂತೆಯಲ್ಲಿ ಒಬ್ಬರ ತಕ್ಕಡಿ ಇನ್ನೊಬ್ಬರು ನೋಡೋ ಹಾಗೆ.

ಊಟ ಮಾಡದೇ ಬಂದೆ.

ಮಾರ್ಚ್ 17, ಬೆಳಿಗ್ಗೆ

ವೇದಾವತಮ್ಮನ ಫೋನು. ಮೈಸೂರಲ್ಲಿ ಅವರ ಮಹಿಳಾ ಸಮಾಜದ ಸ್ಮರಣ ಸಂಚಿಕೆ ಬರ್ತಿದೆಯಂತೆ. "ಅರಮನೆ ದರ್ಜಿ ನಂಜಮ್ಮ" ಅಂತ ಅವರೇ ಬರೀತಾರಂತೆ. ನಾಳೆ ಹನ್ನೊಂದಕ್ಕೆ ಬಂದು ಅಸಲಿ ಫೋಟೋ ನೋಡಬೇಕಂತೆ.

ಅಚ್ಚಾಗತ್ತೆ. ನನ್ನ ಮಾತು ಇಲ್ಲಿ ತನಕ ಗಾಳೀಲಿತ್ತು, ಇನ್ನು ಮೇಲೆ ಕಾಗದದ ಮೇಲೆ.

ಕೇಶವ: "ಹೇಳಿದ್ಯಂತೆ?"

"ಹೇಳಿದೆ."

"ಪೂರ್ತಿ?"

ನಾನು ಪಾತ್ರೆ ತೊಳೆಯೋಕೆ ಎದ್ದೆ. ಅವರು ಟೀ ಮಾಡಿ ತಂದಿಟ್ರು.

ಮೈಥಿಲಿ ಮೇಡಂ ಅವಳ ಮೂಗುಬೊಟ್ಟು ಅಳಿಸಿದ್ರು ಅಂತ ನನಗೆ ಹೇಸಿಗೆ. ನಾನು ಇಷ್ಟು ವರ್ಷ ಅಳಿಸಿದ್ದು? ಆ ಒಂದು ಗಂಟೆ. ಸಾಲದ ಜಾಕೀಟಲ್ಲಿ, ಬೆನ್ನು ಹಿಡ್ಕೊಂಡು, ಕ್ಯಾಮೆರಾನ ಅಷ್ಟು ಸೀದಾ ನೋಡಿದ ಧೈರ್ಯ. ಅರಮನೆಯವಳಾಗಿದ್ರೆ ಅದರಲ್ಲೇನು ಹೆಚ್ಚು?

ಮಾರ್ಚ್ 18, ಮಂಗಳವಾರ, 10:40

ಬೇಗ ಬಂದೆ. ಮಷೀನ್ ಹಾಕಿಲ್ಲ. ಫ್ರೇಮಿನ ಮೊಳೆ ಕಿತ್ತೆ, ನಾಲ್ಕರಲ್ಲಿ ಒಂದು ತುಕ್ಕು ಹಿಡಿದು ಬರಲೊಲ್ಲದು, ಕತ್ತರಿ ತುದಿ ಮುರೀತು. ಹೋಗಲಿ.

ಮುತ್ತಜ್ಜನ ಪೆನ್ಸಿಲ್ ಇನ್ನೂ ಮಾಸಿಲ್ಲ. ಬೆಳಕಿಗೆ ಓರೆ ಹಿಡಿದರೆ ಹೊಳೆಯತ್ತೆ. ಮೂರೇ ಸಾಲು. ಎಷ್ಟು ಚೊಕ್ಕ ಮನುಷ್ಯ.

ಟೇಬಲ್ ಮೇಲೆ ಇಟ್ಟಿದ್ದೀನಿ. ಮುಖ ಕೆಳಗೆ, ಬರಹ ಮೇಲೆ. ಎರಡು ಸಲ ತಿರುಗಿಸಿದೆ, ಮತ್ತೆ ತಿರುಗಿಸಿದೆ. ಈಗ ಬರಹವೇ ಮೇಲಿದೆ. ಮೇಲೆ ಕತ್ತರಿ ಹೇರಿದ್ದೀನಿ, ನನ್ನ ಕೈ ತಡೀಲಿ ಅಂತ.

ಲಿಫ್ಟ್ ಬಾಗಿಲ ಸದ್ದು. ಕೋಲಿನ ಸದ್ದು. ಜೊತೆಗೆ ಅನಘಾ ದನಿ.

ಕೂತ್ಕೊಳಿ ಅಂತೀನಿ. ನೀರು ಕೊಡ್ತೀನಿ. ಆಮೇಲೆ ಬೇರೆ ಮಾತು ಆಡೋಕೆ ಮುಂಚೆ, "ಅಮ್ಮ, ಇದನ್ನ ಗಟ್ಟಿಯಾಗಿ ಓದಿ" ಅಂತೀನಿ.